ಹೆಸರು ಬರೆಯದ ಬಾಕ್ಸು

"ಆಕಿ ವಾಪಸ್ ಹೋಗ್ತಾಳಂತ, ಶರ್ವಾಣಿ. ತಾನಽ ಹೇಳ್ಯಾಳ. ರುಚಿತಾ ಮೇಡಂ ಮುಂದ ಕೈಕಟ್ಟಿ ನಿಂತು, ನನ್ನ ಬಾಲಗೃಹಕ್ಕ ಬಿಟ್ಟುಬಿಡ್ರಿ ಅಂದಾಳ."

"ಯಾರು, ಪ್ರಜ್ಞಾ?"

"ಮತ್ತ ಯಾರು, ನಿಮ್ಮಪ್ಪಾ?"

ಶರ್ವಾಣಿಯ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ತಿಂದ ವಡಾಪಾವ್. ಛತ್ರಪತಿ ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ ಬಾಡಿಗೆ ಮನೆಯ ಮಾಲಕರಿಂದ ಕೀಲಿಕೈ ಇಸಿದುಕೊಂಡು ರಸ್ತೆಗೆ ಇಳಿದು ಐದು ನಿಮಿಷವೂ ಆಗಿರಲಿಲ್ಲ. ಆ ಮನೆಯ ಚಿಕ್ಕ ಕೋಣೆಗೆ ಒಂದು ಕಿಟಕಿ, ಕಿಟಕಿಯಾಚೆ ಒಂದು ಪೇರಲ ಗಿಡ. ಪ್ರಜ್ಞಾಳ ಮಂಚ ಅಲ್ಲೇ ಬರಬೇಕು, ಮಲಗಿದಲ್ಲಿಂದ ಕೈ ಚಾಚಿದರೆ ಕಾಯಿ ಸಿಗಬೇಕು ಎಂದು ಅವಳು ಮನಸ್ಸಿನಲ್ಲೇ ಮಂಚ ಹಾಕಿ, ಹಾಸಿಗೆ ಹಾಸಿ, ಪರದೆಯ ಬಣ್ಣವನ್ನೂ ಆರಿಸಿ ಮುಗಿಸಿದ್ದಳು. ಈಗ ಉಳಿದ ವಡಾಪಾವನ್ನು ಕಾಗದದಲ್ಲಿ ಸುತ್ತಿಬಿಟ್ಟಳು.

ಆಚೆ ನಾಸಿಕ್‌ನಿಂದ ತಾಯಿ ನಿರುಪಮಾ ಉಸಿರು ತೆಗೆದುಕೊಳ್ಳದೆ ಹೇಳುತ್ತಲೇ ಇದ್ದಳು. ಸಮಾಜ ಕಾರ್ಯಕರ್ತೆ ರುಚಿತಾ ಮೇಡಂ ತಿಂಗಳಿಗೊಮ್ಮೆ ಬರುವಂತೆ ಈ ಬುಧವಾರವೂ ಬಂದರಂತೆ. ಮಗುವನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡು ಮಾತಾಡಿಸಿದರಂತೆ. ಹೊರಗೆ ಬಂದಾಗ ಅವರ ಮುಖವೇ ಬೇರೆ ಇತ್ತಂತೆ. ಶುಕ್ರವಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಪ್ರಜ್ಞಾಳನ್ನು ಕರೆದುಕೊಂಡು ಹೋಗಬೇಕು. ಅಲ್ಲಿ ಸಮಿತಿಯವರು ಅವಳನ್ನೇ ಕೇಳುತ್ತಾರೆ. ಅಲ್ಲೂ ಅವಳು ಇದೇ ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಶನಿವಾರ ಸಾಮಾನಿನ ಲಾರಿ ಸಂಭಾಜಿನಗರಕ್ಕೆ ಹೊರಡುತ್ತದೆ, ಪ್ರಜ್ಞಾ ಬಾಲಗೃಹಕ್ಕೆ ಹೋಗುತ್ತಾಳೆ.

"ಯಾಕಂತ ಕೇಳಿದ್ಯಾ?"

"ಕೇಳಿದೆ. ಸುಮ್ನಽ ಅಂದ್ಲು. ಸುಮ್ನ ಯಾರರ ಮನಿ ಬಿಟ್ಟು ಹೋಗ್ತಾರೇನು?"

ಶರ್ವಾಣಿ ಸಾಮಾನ್ಯವಾಗಿ ಒಂದು ಸುದ್ದಿಗೆ ಹನ್ನೆರಡು ವಾಯ್ಸ್ ಮೆಸೇಜ್ ಕಳಿಸುವ ಹುಡುಗಿ. ಕಾಲೇಜಿನ ಗೆಳತಿಯರು ಅವಳ ಮೆಸೇಜುಗಳನ್ನು ದುಪ್ಪಟ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಅಂಥವಳಿಗೆ ಆ ಹೊತ್ತು ಒಂದೇ ಮಾತು ಹೊರಟಿತು: ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ, ನಾನು ಬರುವವರೆಗೆ ಅವಳನ್ನು ಏನೂ ಕೇಳಬೇಡ.

ಪ್ರಜ್ಞಾಳಿಗೆ ಒಂಬತ್ತು ವರ್ಷ. ತಾಯಿ ಇಲ್ಲ. ತಂದೆ ಮಾಲೇಗಾಂವ್‌ನ ಪವರ್‌ಲೂಮಿಗೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಯೇವಲಾದಲ್ಲಿ ಪೈಠಣಿ ಸೀರೆ ನೇಯುವವರ ಮನೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದ ಅಜ್ಜಿಯೇ ಅವಳನ್ನು ಸಾಕಿದ್ದಳು. ಲಕ್ವಾ ಹೊಡೆದು ಅಜ್ಜಿಯ ಬಲಗೈ ನಿಂತುಹೋದ ಮೇಲೆ, ಆಕೆ ತಾನಾಗಿಯೇ ಅಧಿಕಾರಿಗಳ ಹತ್ತಿರ ಹೋಗಿ, ನನ್ನ ಮೊಮ್ಮಗಳನ್ನು ಯಾರಾದರೂ ನೋಡಿಕೊಳ್ಳಲಿ, ಆದರೆ ಯಾರಿಗೂ ಪೂರ್ತಿ ಕೊಟ್ಟುಬಿಡಬೇಡಿ ಎಂದು ಕೇಳಿಕೊಂಡಿದ್ದಳು. ಹೀಗಾಗಿ ಇದು ದತ್ತು ಅಲ್ಲ, ಫಾಸ್ಟರ್ ಕೇರ್. ಮಗು ಮನೆಯಲ್ಲಿರುತ್ತದೆ, ಅಜ್ಜಿ ಅಜ್ಜಿಯಾಗಿಯೇ ಉಳಿಯುತ್ತಾಳೆ, ಸಮಿತಿಯವರು ಮೇಲಿನಿಂದ ನೋಡುತ್ತಿರುತ್ತಾರೆ. ಬಾಲಗೃಹದಲ್ಲಿ ಕೆಲವು ತಿಂಗಳು ಇದ್ದ ಪ್ರಜ್ಞಾ ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

ಮೊದಲ ದಿನಗಳು ಸುಲಭವಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲು ಪ್ರಜ್ಞಾ ಬೆರಳೆತ್ತಿ ಅಪ್ಪಣೆ ಕೇಳುತ್ತಿದ್ದಳು. ಬೆಳಿಗ್ಗೆ ಐದಕ್ಕೇ ಎದ್ದು ಹಾಸಿಗೆ ಮಡಚಿ, ಅದರ ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತಿದ್ದಳು, ಯಾರೋ ಬಂದು ಎಣಿಸಿಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಅದೆಲ್ಲ ನಿಧಾನಕ್ಕೆ ಬಿಟ್ಟಿತು. ಮಾಯದ ಪೆಟ್ಟು ಒಂದೇ. ಬಂದ ಮೊದಲ ವಾರ ನಿರುಪಮಾ, ಪಾಪ ಹುಡುಗಿಯ ಕೌದಿ ಎಷ್ಟು ಮಾಸಿದೆ ಎಂದು, ಅಜ್ಜಿ ಹೊಲಿದುಕೊಟ್ಟಿದ್ದ ಕೌದಿಯನ್ನು ಎರಡು ಸಲ ಸೋಪು ಹಾಕಿ ಒಗೆದಳು. ಪ್ರಜ್ಞಾ ಎರಡು ದಿನ ಊಟ ಬಿಟ್ಟಳು. ಒಗೆದದ್ದಕ್ಕೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ಮನೆಯವರಿಗೆ ಬಗೆಹರಿಯಲಿಲ್ಲ. ಅಜ್ಜಿಯ ವಾಸನೆ ಹೋಯಿತಲ್ಲ ನಿರುಪಮಾತಾಯಿ ಎಂದು ರುಚಿತಾ ಮೇಡಂ ಹೇಳಿದಾಗ ನಿರುಪಮಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಅಂದಿನಿಂದ ಪ್ರಜ್ಞಾಳ ವಸ್ತುವನ್ನು ಕೇಳದೆ ಯಾರೂ ಮುಟ್ಟುತ್ತಿರಲಿಲ್ಲ. ಕಲಿಯುವುದು ಕಲಿತಾಯಿತು ಎಂದು ಎಲ್ಲರೂ ತಿಳಿದಿದ್ದರು.

ಮೂರು ವಾರದ ಹಿಂದೆ ಶರ್ವಾಣಿಯ ತಂದೆ ಅರವಿಂದನಿಗೆ ವರ್ಗದ ಆರ್ಡರ್ ಬಂತು. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ, ಧಾರವಾಡ ಬಿಟ್ಟ ಮೇಲೆ ಇದು ಎಂಟನೆಯ ಊರು. ಸೋಮವಾರ ಸಂಭಾಜಿನಗರದಲ್ಲಿ ಹಾಜರಾಗಬೇಕು. ಅಲ್ಲೇ ಹಾಸ್ಟೆಲಿನಲ್ಲಿದ್ದ ಶರ್ವಾಣಿ ಸುದ್ದಿ ಕೇಳಿ ಕೋಣೆಯಲ್ಲಿ ಕುಣಿದಳು. ಆಮೇಲೆ ಪ್ರಜ್ಞಾಳ ನೆನಪಾಗಿ ಕುಣಿತ ನಿಂತಿತು. ಮಗುವಿನ ಕಾಗದಪತ್ರವೆಲ್ಲ ನಾಸಿಕ್ ಜಿಲ್ಲೆಯದು. ಬೇರೆ ಜಿಲ್ಲೆಗೆ ಕರೆದೊಯ್ಯಬೇಕಾದರೆ ಇಲ್ಲಿನ ಸಮಿತಿ ಒಪ್ಪಬೇಕು, ಅಲ್ಲಿನವರೂ ಹೂಂ ಅನ್ನಬೇಕು. ಅರವಿಂದ ಅರ್ಜಿ ಕೊಟ್ಟ. ಆರ್ಡರ್ ಕೈಗೆ ಬರುವವರೆಗೆ ಮಗುವಿಗೆ ಮಾತು ಕೊಡಬೇಡಿ, ಮುರಿದ ಮಾತುಗಳನ್ನು ಅವಳು ಈಗಾಗಲೇ ಸಾಕಷ್ಟು ನೋಡಿದ್ದಾಳೆ ಎಂದು ರುಚಿತಾ ಮೇಡಂ ಎಚ್ಚರಿಸಿದ್ದರು.

ಆ ಎಚ್ಚರಿಕೆಯನ್ನು ಎಲ್ಲರಿಗಿಂತ ಹೆಚ್ಚು ಪಾಲಿಸಿದವಳು ಶರ್ವಾಣಿ. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಇಲ್ಲದ್ದರಿಂದ ಅವಳು ಕಾವಲು ಬಿಗಿ ಮಾಡಿದಳು. ಹೊಸ ಮನೆಯ ಪಕ್ಕದ ಮರಾಠಿ ಶಾಲೆಗೆ ಹೋಗಿ, ಮೈದಾನದಲ್ಲಿ ಮಕ್ಕಳು ಒಂಟಿಗಾಲಿನ ಲಂಗಡಿ ಆಟ ಆಡುವುದನ್ನು ವಿಡಿಯೋ ಮಾಡಿ, ಅದನ್ನು ಅಮ್ಮನಿಗೆ ಮಾತ್ರ ಕಳಿಸಿ, ಪ್ರಜ್ಞಾಳಿಗೆ ತೋರಿಸಬೇಡ ಎಂದು ಕೆಳಗೆ ಬರೆದಿದ್ದಳು. ಹೇಗೂ ಮನೆಯಲ್ಲಿ ಒಂದು ಅನುಕೂಲವಿತ್ತು: ಪ್ರಜ್ಞಾಳ ಜೊತೆ ಎಲ್ಲರೂ ಮರಾಠಿ, ಅವಳಿಗೆ ಗೊತ್ತಾಗಬಾರದ ಮಾತಿದ್ದರೆ ಕನ್ನಡ.

ಗುರುವಾರ ಬೆಳಿಗ್ಗೆ ಆರರ ಬಸ್ಸು. ವೈಜಾಪುರ ದಾಟಿ ಯೇವಲಾದಲ್ಲಿ ನಿಂತಾಗ ಶರ್ವಾಣಿ ಕಿಟಕಿಯಿಂದ ತಲೆ ಹೊರಹಾಕಿದಳು. ರಸ್ತೆಯ ಎರಡೂ ಬದಿ ಪೈಠಣಿಯ ಬೋರ್ಡುಗಳು. ಇಲ್ಲೇ ಒಂದು ಓಣಿಯಲ್ಲಿ ಪ್ರಜ್ಞಾಳ ಅಜ್ಜಿ ಎಡಗೈಯಿಂದಲೇ ಚಹಾ ಕಾಸಿಕೊಳ್ಳುತ್ತಿರಬಹುದು. ಮೊದಲ ಸಲ ಅವಳಿಗೆ ಹೊಳೆಯಿತು: ಈ ಊರು ಎರಡು ಊರುಗಳ ನಡುವೆಯೇ ಇದೆ. ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ಪ್ರಜ್ಞಾಳಿಗಂತೂ ಯಾರೂ ಹೇಳಿರಲೇ ಇಲ್ಲ.

ಹನ್ನೊಂದೂವರೆಗೆ ಪಂಚವಟಿಯ ಮನೆ ತಲುಪಿದಾಗ ಹಾಲಿನಲ್ಲಿ ರಟ್ಟಿನ ಬಾಕ್ಸುಗಳ ಗೋಡೆ ಎದ್ದಿತ್ತು. ನಿರುಪಮಾಳ ಬಾಕ್ಸುಗಳೆಂದರೆ ಬಳಗದಲ್ಲೆಲ್ಲ ಹೆಸರಾದದ್ದು. ಬೇರೆಯವರು ಮಿಕ್ಸರ್ ಕೊಂಡರೆ ಮಿಕ್ಸರ್ ಇಟ್ಟುಕೊಂಡು ಬಾಕ್ಸ್ ಎಸೆಯುತ್ತಾರೆ, ಇವಳಿಗೆ ಬಾಕ್ಸಿನ ಮೇಲೆಯೇ ಪ್ರೀತಿ ಜಾಸ್ತಿ. ಪ್ರತಿಯೊಬ್ಬರಿಗೂ ಒಂದೊಂದು ಹೆಸರಿನ ಬಾಕ್ಸ್. ಮೇಲೆ ದಪ್ಪ ಮಾರ್ಕರಿನಲ್ಲಿ ಹೆಸರು, ಕೆಳಗೆ ಎಲ್ಲಿಂದ, ಎಲ್ಲಿಗೆ. ಒಳಗೆ ಏನೇನಿದೆ ಎಂಬ ಚೀಟಿ. ಹೊಸ ಊರಿನಲ್ಲಿ ಲಾರಿ ಬಂದ ಸಂಜೆ ಬೇರೇನೂ ಬಿಚ್ಚದಿದ್ದರೂ ಹೆಸರಿನ ಬಾಕ್ಸ್ ಮಾತ್ರ ಬಿಚ್ಚಲೇಬೇಕು. ಅವರವರ ತಾಟು, ಅವರವರ ಚಾದರ, ಅವರವರ ಟವೆಲ್. ಗೋಡೆ ಹೊಸದಾದರೂ ಆ ರಾತ್ರಿ ಹಳೆಯ ಮನೆಯಲ್ಲೇ ಮಲಗಿದಂತೆ ನಿದ್ದೆ ಬರುತ್ತಿತ್ತು. ಶರ್ವಾಣಿ ಐದು ಊರು ಬದಲಿಸಿದ್ದು ಹಾಗೆಯೇ.

ನಿರುಪಮಾ ಬಾಕ್ಸುಗಳ ನಡುವೆ ಬೆತ್ತದ ಮೋಡಾ ಹಾಕಿಕೊಂಡು ಕೂತಿದ್ದಳು. ಕಟ್ಟುವ ಕೆಲಸ ನಿಂತಿತ್ತು. ಮಗಳನ್ನು ಕಂಡದ್ದೇ ನಿನ್ನೆಯಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಬಂತು. ಆಕಿಗೆಂದು ಖಾರ ಕಡಿಮಿ ಮಾಡಿದೆ. ಆಕಿಗೆಂದು ಮರಾಠಿ ಪೇಪರ್ ಹಚ್ಚಿದೆ. ಜ್ವರ ಬಂದಾಗ ಮೂರು ದಿನ ಮಗ್ಗಲದಾಗಽ ಕೂತೆ.

"ನಾ ಏನು ಕಡಿಮಿ ಮಾಡೀನಿ, ನೀನಽ ಹೇಳು. ನಿನಗೂ ಇಷ್ಟು ಮಾಡಿಲ್ಲ ನಾ."

"ಅದಂತೂ ಖರೇ ಅದ," ಎಂದಳು ಶರ್ವಾಣಿ. ನಗಿಸಬೇಕೆಂದು ಹೇಳಿದ್ದು, ಆದರೆ ಅವಳಿಗೂ ಒಳಗೆ ಚುರ್ ಎಂದಿತು. ಈ ಹುಡುಗಿಗೆ ನಾವು ಬೇಡವಾದೆವೇ?

ಪ್ರಜ್ಞಾ ಶಾಲೆಯಿಂದ ಬರುವುದು ಒಂದು ಗಂಟೆಗೆ. ಅಷ್ಟರಲ್ಲಿ ಏನಾದರೂ ಉಪಾಯ ಬೇಕು. ನೇರವಾಗಿ ಕೂರಿಸಿ ಕೇಳಿದರೆ ಆ ಹುಡುಗಿ ಬಾಯಿ ಹೊಲಿದುಕೊಂಡುಬಿಡುತ್ತಾಳೆ. ಆಡುತ್ತಾ ಕೂತರೆ ಒಂದೆರಡು ಮಾತು ಉದುರುತ್ತದೆ. ಹಾವು-ಏಣಿಯ ಹಲಗೆ ತನ್ನ ಬಾಕ್ಸಿನಲ್ಲೇ ಇರಬೇಕೆಂದು ಶರ್ವಾಣಿ, ತನ್ನ ಹೆಸರಿನ ಬಾಕ್ಸಿನ ಟೇಪು ಕಿತ್ತಳು.

ಮೇಲೆಯೇ ಒಂದು ನೀಲಿ ಸ್ವೆಟರ್ ಇತ್ತು. ಅವಳದ್ದಲ್ಲ. ತೋಳುಗಳನ್ನು ಹಿಂದಕ್ಕೆ ಮಡಚಿ, ಅಂಗಡಿಯಲ್ಲಿ ಇಟ್ಟಂತೆ ಇಟ್ಟಿತ್ತು. ಅದರ ಕೆಳಗೆ ರೇನ್‌ಕೋಟು. ಪೇಪರಿನಲ್ಲಿ ಸುತ್ತಿದ ಬಿಳಿ ಬೂಟು. ಹುಟ್ಟುಹಬ್ಬಕ್ಕೆ ಶರ್ವಾಣಿಯೇ ತಂದುಕೊಟ್ಟಿದ್ದ ಬಣ್ಣದ ಪೆನ್ಸಿಲುಗಳು, ಒಂದೂ ಕಡಿಮೆಯಾಗದಂತೆ, ತುದಿ ಚೂಪು ಮಾಡಿ. ಗುಲಾಬಿ ಬಾಟಲಿ. ದೀಪಾವಳಿಯ ಫ್ರಾಕು. ಬದಿಗೆ ಒಂದು ಚೀಟಿ, ನಿರುಪಮಾಳ ಚೀಟಿಯ ಥರದ್ದೇ, ಗೆರೆ ಎಳೆದು, ದುಂಡಗಿನ ಮರಾಠಿ ಅಕ್ಷರದಲ್ಲಿ ಒಂದೊಂದೇ ವಸ್ತು. ಎಲ್ಲದರ ಮೇಲೆ ಒಂದೇ ಪದ: ಪರತ. ವಾಪಸ್.

"ಅವ್ವಾ."

ನಿರುಪಮಾ ಬಂದು ನೋಡಿದಳು. ಸ್ವೆಟರನ್ನು ಎತ್ತಿ ಮತ್ತೆ ಇಟ್ಟಳು. ಏನೋ ನೆನಪಾದವಳಂತೆ ಒಳಗೆ ಹೋಗಿ ಪ್ರಜ್ಞಾಳ ಮಂಚದ ಕೆಳಗೆ ಬಗ್ಗಿದಳು. ಮುಟ್ಟಲಿಲ್ಲ, ಬರೀ ಬಗ್ಗಿದಳು. ಅಲ್ಲಿ ಹದಿನಾಲ್ಕು ತಿಂಗಳ ಹಿಂದೆ ಮಗು ತಂದಿದ್ದ ಹಳೆಯ ಚೀಲ ತಯಾರಾಗಿ ನಿಂತಿತ್ತು. ಜಿಪ್ಪು ಪೂರ್ತಿ ಹಾಕಿರಲಿಲ್ಲ. ಈಗ ಮೊಣಕಾಲಿಗೂ ಬಾರದ ಎರಡು ಫ್ರಾಕುಗಳು, ಮೇಲೆ ಅಜ್ಜಿಯ ಕೌದಿ.

"ನಾವು ಕೊಟ್ಟದ್ದು ಒಂದೂ ಇಟ್ಕೊಂಡಿಲ್ಲ," ಎಂದಳು ನಿರುಪಮಾ. ಅವಳ ದನಿಯಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಯಾವಾಗ ಕಟ್ಟಿದ್ಳು ಇಷ್ಟೆಲ್ಲಾ? ನನ್ನ ಮಗ್ಗಲದಾಗಽ ಕೂತು ಟೇಪ್ ಕತ್ತರಿಸಿ ಕೊಡ್ತಿದ್ಲು."

ಶರ್ವಾಣಿ ಹಾಲಿಗೆ ಬಂದು ಬಾಕ್ಸುಗಳನ್ನು ಒಂದೊಂದಾಗಿ ನೋಡಿದಳು. ಅರವಿಂದ, ನಾಸಿಕ್, ಸಂಭಾಜಿನಗರ. ನಿರುಪಮಾ, ನಾಸಿಕ್, ಸಂಭಾಜಿನಗರ. ಶರ್ವಾಣಿ. ಅಡಿಗಿಮನಿ. ದೇವರು. ದೇವರಿಗೂ ಒಂದು ಬಾಕ್ಸ್ ಇತ್ತು. ಇನ್ನೊಂದು ಹೆಸರು ಎಲ್ಲೂ ಇರಲಿಲ್ಲ. ಯಾಕಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ರುಚಿತಾ ಮೇಡಂಗೆ ಫೋನು ಹಚ್ಚಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮರಾಠಿಯಲ್ಲಿ, ಬೈಯುವ ದನಿಯಲ್ಲದೆ ಹೇಳಿದರು: ನಾನು ಮಾತು ಕೊಡಬೇಡಿ ಎಂದಿದ್ದೆ, ಮಾತಾಡಬೇಡಿ ಎಂದಿರಲಿಲ್ಲ. ಮಗುವಿನ ಕಣ್ಣ ಮುಂದೆ ಮನೆ ಖಾಲಿಯಾಗುತ್ತಿದೆ, ಯಾರೂ ಏನೂ ಹೇಳುತ್ತಿಲ್ಲ. ಕಳಿಸುವ ಮೊದಲು ತಾನೇ ಹೋಗುತ್ತೇನೆ ಅಂದುಬಿಟ್ಟರೆ, ಕಳಿಸಿದರು ಅಂತ ಆಗುವುದಿಲ್ಲವಲ್ಲ. ಇಂದೇ ಅವಳಿಗೆ ಎಲ್ಲ ಹೇಳಿ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ. ಒಂದೇ ಷರತ್ತು, ನಾಳೆ ಸಮಿತಿಯ ಮುಂದೆ ಏನು ಹೇಳಬೇಕೆಂದು ಮಾತ್ರ ಕಲಿಸಬೇಡಿ. ಏನು ಹೇಳುತ್ತೀ ಎಂದು ಕೇಳಲೂಬೇಡಿ.

ಊಟಕ್ಕೆ ಬಂದ ಅರವಿಂದ ಇದನ್ನೆಲ್ಲ ಕೇಳಿ ಶೂ ಕೂಡ ಬಿಚ್ಚದೆ ದೇವರ ಬಾಕ್ಸಿನ ಪಕ್ಕ ನಿಂತ. ಸಹಿ ಇಲ್ಲದ ಕಾಗದಕ್ಕೆ ಎಂದೂ ಹೂಂ ಎಂದವನಲ್ಲ ಅವನು.

"ಆರ್ಡರ್ ಬಂದಿಲ್ಲ. ಬರದಽ ಏನಂತ ಹೇಳೋದು?"

"ಬಂದಿಲ್ಲ ಅಂತಲೇ ಹೇಳ್ರಿ," ಎಂದಳು ನಿರುಪಮಾ.

ಒಂದು ಗಂಟೆಗೆ ಪ್ರಜ್ಞಾ ಬಂದಳು. ಎರಡು ಜಡೆ, ಹೆಗಲಿಗೆ ದೊಡ್ಡದೆನಿಸುವ ಪಾಟೀಚೀಲ. ಶರ್ವಾಣಿಯನ್ನು ಕಂಡು ಮುಖ ಅರಳಿ, ತೆರೆದ ಬಾಕ್ಸನ್ನು ಕಂಡು ಹಾಗೇ ಮುಚ್ಚಿತು. ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತಳು.

ಶರ್ವಾಣಿ ನೆಲದ ಮೇಲೆ ಕೂತು, ನಿನ್ನೆಯಿಂದ ಜೋಡಿಸಿಕೊಂಡಿದ್ದ ಮರಾಠಿ ಮಾತುಗಳನ್ನು ಶುರು ಮಾಡಿದಳು. ತಪ್ಪಾಯಿತು, ನಿನಗೆ ಮೊದಲೇ ಹೇಳಬೇಕಿತ್ತು, ನಾವು ನಿನ್ನನ್ನು ಬಿಟ್ಟು ಹೋಗಬೇಕೆಂದು ಯೋಚಿಸಿಯೇ ಇಲ್ಲ, ನೀನು ಏನೋ ತಪ್ಪು ತಿಳಿದುಕೊಂಡಿದ್ದೀ. ಮಾತು ಉದ್ದವಾಗುತ್ತಾ ಹೋಯಿತು. ಪ್ರಜ್ಞಾ ನೆಲ ನೋಡುತ್ತಾ ಕೇಳಿದಳು. ಆಮೇಲೆ ತಲೆ ಎತ್ತಿದಳು. ಬಂದದ್ದು ಮರಾಠಿಯಲ್ಲ.

"'ಆಕೀ ಹೆಸರು ಬರೀಬ್ಯಾಡವಾ. ಕಮಿಟಿ ಇಲ್ಲಾ ಅಂದ್ರ ಆಮ್ಯಾಲ ಅಳಿಸಬೇಕಾಗ್ತದ.' ಅಕ್ಕಾ, ನೀ ಹಿಂಗ ಅಂದಿ. ವಿಡಿಯೋ ಕಾಲಿನ್ಯಾಗ."

ಶಬ್ದಕ್ಕೆ ಶಬ್ದ ಶರ್ವಾಣಿಯದೇ. ಧಾರವಾಡದ ಎಳೆತ, ಕೊನೆಯಲ್ಲಿ ಮೇಲಕ್ಕೇರುವ ದನಿ, ಎಲ್ಲವೂ. ಮೂರು ಜನರೂ ಆ ಪುಟ್ಟ ಬಾಯನ್ನೇ ನೋಡಿದರು. ಎರಡು ವಾರದ ಹಿಂದೆ ಭಾನುವಾರ ಮಧ್ಯಾಹ್ನ ಅಮ್ಮ ಮಾರ್ಕರ್ ಹಿಡಿದು ನಿಂತಿದ್ದಳು. ಇವಳು ಫೋನಿನಿಂದ ಆ ಮಾತು ಹೇಳಿದ್ದಳು. ಹಿಂದೆ ಎಲ್ಲೋ ಪ್ರಜ್ಞಾ ಬಟಾಣಿ ಸುಲಿಯುತ್ತಾ ಕೂತಿದ್ದಳು. ಅವಳು ಏನನ್ನೂ ತಪ್ಪು ತಿಳಿದುಕೊಂಡಿರಲಿಲ್ಲ.

"ನಿನಗ ಕನ್ನಡ ಬರ್ತದ?" ಎಂದ ಅರವಿಂದ.

"ಬರ್ತದ."

"ಮತ್ತ ಎಂದೂ ಹೇಳಲಿಲ್ಲಲ್ಲ?"

"ಯಾರೂ ಕೇಳಲಿಲ್ಲ, ಕಾಕಾ."

ನಿರುಪಮಾಳ ತಲೆಯಲ್ಲಿ ಹದಿನಾಲ್ಕು ತಿಂಗಳ ಕನ್ನಡವೆಲ್ಲ ಒಮ್ಮೆ ಓಡಿಹೋಗಿರಬೇಕು, ಏಕೆಂದರೆ ಅವಳ ಮುಖ ನಿಧಾನಕ್ಕೆ ಕೆಂಪಾಯಿತು. ಮೇಲಿನ ಮನೆಯವರ ಸೊಸೆ. ರುಚಿತಾ ಮೇಡಂ ಅವರ ಮೂಟೆಯಂಥ ಬ್ಯಾಗು. ತನ್ನ ನಾದಿನಿ. ಕನ್ನಡದಲ್ಲಿ ಅವಳು ಯಾರನ್ನೂ ಆಡಿಕೊಳ್ಳದೆ ಬಿಟ್ಟಿರಲಿಲ್ಲ.

"ಎಲ್ಲಾ ತಿಳೀತದ?" ಎಂದು ಕೇಳಿದಳು.

ಪ್ರಜ್ಞಾ ಸ್ವಲ್ಪ ಯೋಚಿಸಿ, ಕಾಕು, ಅಂದರೆ ನಿರುಪಮಾ, ಫೋನಿನಲ್ಲಿ ಜೋರಾಗಿ ಬೈಯುವಾಗ ಕೆಲವು ಮಾತು ಗೊತ್ತಾಗುವುದಿಲ್ಲ ಎಂದು ಮರಾಠಿಯಲ್ಲಿ ಒಪ್ಪಿಕೊಂಡಳು. ಅರವಿಂದ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಪ್ರಜ್ಞಾ ನಗಲಿಲ್ಲ, ಆದರೆ ಗೋಡೆ ಬಿಟ್ಟು ಒಂದು ಹೆಜ್ಜೆ ಈಚೆ ಬಂದಳು.

ಶರ್ವಾಣಿಗೆ ನಗು ಬೇಗ ಇಂಗಿತು. ತಾನು ಜೋಡಿಸಿಕೊಂಡಿದ್ದ ಮಾತೆಲ್ಲ ಈಗ ಕೆಲಸಕ್ಕೆ ಬಾರದು. ಅವಳು ಕನ್ನಡದಲ್ಲೇ, ಗೆಳತಿಗೆ ಹೇಳುವಂತೆ ಹೇಳಿದಳು.

"ಹೌದು, ನಾ ಹಂಗ ಅಂದೆ. ಹೆಸರು ಬರದು ಅಳಿಸೋದು ಆದ್ರ ನಿನಗ ಭಾಳ ಕೆಟ್ಟನಸ್ತದ ಅಂತ ಅಂಜಿ ಅಂದೆ. ಬರೀದಽ ಬಿಟ್ರ ಇನ್ನೂ ಕೆಟ್ಟನಸ್ತದ ಅಂತ ನನಗ ಹೊಳೀಲಿಲ್ಲ. ನಂದು ತಪ್ಪು. ಅವ್ವಂದಲ್ಲ."

ಪ್ರಜ್ಞಾ ಅವಳನ್ನು ನೋಡಿದಳು. ಆಮೇಲೆ ಅರವಿಂದನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು, ಮರಾಠಿಯಲ್ಲಿ: ಕಮಿಟಿಯವರು ಬೇಡ ಅಂದರೆ?

ಇದೇ ಪ್ರಶ್ನೆಗೆ ಮೂರು ವಾರ ಹೆದರಿದ್ದರು. ಅರವಿಂದ ಶೂ ಬಿಚ್ಚಿ ಅವಳ ಎದುರು ಚಕ್ಕಳಬಕ್ಕಳ ಹಾಕಿ ಕೂತ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಉದ್ದ ಗೆರೆ ಎಳೆದ. ಒಂದು ತುದಿಗೆ ನಾಸಿಕ್, ಇನ್ನೊಂದು ತುದಿಗೆ ಸಂಭಾಜಿನಗರ. ಬೇಡ ಅಂದರೆ ನೀನು ಸದ್ಯಕ್ಕೆ ಇಲ್ಲೇ ಬಾಲಗೃಹದಲ್ಲಿ ಇರಬೇಕಾಗುತ್ತದೆ, ನಾನು ಮತ್ತೆ ಅರ್ಜಿ ಕೊಡುತ್ತೇನೆ, ಅದಕ್ಕೆ ಎಷ್ಟು ದಿನ ಹಿಡಿಯುತ್ತದೋ ನನಗೆ ಗೊತ್ತಿಲ್ಲ ಎಂದ. ಗೊತ್ತಿಲ್ಲ ಎಂಬ ಮಾತನ್ನು ಅವನ ಬಾಯಿಂದ ಶರ್ವಾಣಿ ಕೇಳಿದ್ದು ಅಪರೂಪ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಅವರು ಬಿಡುವುದಾದರೆ ಆ ಎರಡು ಶನಿವಾರ ನಾವು ಬಂದು ನಿನ್ನನ್ನು ನೋಡುತ್ತೇವೆ, ಇಷ್ಟನ್ನು ಮಾತ್ರ ನಾನು ಹೇಳಬಲ್ಲೆ.

"ಹೂಂ ಅಂದ್ರ?"

"ಹೂಂ ಅಂದ್ರ ಶನಿವಾರ ಎಲ್ಲಾರೂ ಕೂಡಿ ಹೋಗೋದು."

"ಆಜಿ?"

ಶರ್ವಾಣಿ ಪೆನ್ನು ಕಸಿದುಕೊಂಡು ಗೆರೆಯ ನಡುವೆ ಒಂದು ಚುಕ್ಕೆ ಇಟ್ಟಳು. ಇದು ಯೇವಲಾ. ಇವತ್ತು ಬೆಳಿಗ್ಗೆ ನನ್ನ ಬಸ್ಸು ಇಲ್ಲಿ ನಿಂತಿತ್ತು. ಇಲ್ಲಿಂದ ಎರಡು ತಾಸು, ಅಲ್ಲಿಂದ ಅರ್ಧ ತಾಸು ಜಾಸ್ತಿ. ಯಾವ ಕಡೆಯಿಂದ ಹೊರಟರೂ ಅಜ್ಜಿಯ ಊರು ದಾರಿಯಲ್ಲೇ. ಪ್ರಜ್ಞಾ ಆ ಚುಕ್ಕೆಯ ಮೇಲೆ ಬೆರಳಿಟ್ಟು, ಗೆರೆಯ ಮೇಲೆ ಆಚೆ ಒಮ್ಮೆ, ಈಚೆ ಒಮ್ಮೆ ಎಳೆದು ನೋಡಿದಳು. ಎರಡು ವಾರದಿಂದ ಅವಳು ಒಬ್ಬಳೇ ಹೊತ್ತಿದ್ದ ಇನ್ನೊಂದು ಮೂಟೆ, ಅಜ್ಜಿ ದೂರವಾಗುವ ಭಯ, ಅದು ಎಂದು ಅದನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಈಗ ನಿರುಪಮಾ ಎದ್ದು ಸ್ಟೂಲು ಹಾಕಿ, ಅಟ್ಟದ ಮೇಲಿನಿಂದ ಮಿಕ್ಸರಿನ ಬಾಕ್ಸ್ ಇಳಿಸಿದಳು. ಸೊಲ್ಲಾಪುರ, ಸಾಂಗಲಿ, ನಾಸಿಕ್, ಮೂರು ವರ್ಗಾವಣೆ ಕಂಡು ಇನ್ನೂ ಮೂಲೆ ಬಾಗದ ಬಾಕ್ಸ್ ಅದು. ಶರ್ವಾಣಿ ಹಾಸ್ಟೆಲಿಗೆ ಕೇಳಿದಾಗಲೂ ಕೊಟ್ಟಿರಲಿಲ್ಲ. ಒಳಗಿದ್ದ ಮಿಕ್ಸರನ್ನು ತೆಗೆದು ಗಂಡನ ತೊಡೆಯ ಮೇಲೆ ಇಟ್ಟಳು.

"ಇದನ್ನ ಲಾರಿಯೊಳಗ ಹೆಂಗ ಒಯ್ತೀ?" ಎಂದ ಅರವಿಂದ.

"ನೀವು ತೊಡಿಮ್ಯಾಲೆ ಇಟ್ಕೊಂಡು ಒಯ್ರಿ."

ಬಾಕ್ಸನ್ನು ಪ್ರಜ್ಞಾಳ ಮುಂದೆ ಇಟ್ಟು ನಿರುಪಮಾ ಮಾರ್ಕರ್ ಚಾಚಿದಳು. ಮುಚ್ಚಳ ತೆಗೆದು ಕೊಡಲಿಲ್ಲ, ತಾನು ಬರೆಯಲೂ ಹೋಗಲಿಲ್ಲ.

"ನಮ್ಮನ್ಯಾಗ ಬಾಕ್ಸು ಮಂದೀದು ಇರ್ತದ, ಮನೀದಲ್ಲ. ನೀ ನಮ್ಮ ಕೂಡ ಬಂದ್ರೂ ಇದು ನಿಂದು, ಬಾಲಗೃಹಕ್ಕ ಹೋದ್ರೂ ನಿಂದು, ಆಜಿ ಕಡೆ ಹೋದ್ರೂ ನಿಂದು. ನಾ ಮೊದ್ಲಽ ಕೊಡಬೇಕಾಗಿತ್ತು. ಬೇಕಂದ್ರ ಬರಿ. ಬ್ಯಾಡಂದ್ರ ಬಿಡು."

ಪ್ರಜ್ಞಾ ಕೂಡಲೇ ಬರೆಯಲಿಲ್ಲ. ಮೊದಲು ಊಟ ಮಾಡಿದಳು. ಕೈ ತೊಳೆದು ಬಂದು, ಬಾಕ್ಸಿನ ನಾಲ್ಕೂ ಬದಿ ತಿರುಗಿಸಿ ನೋಡಿ, ಹಳೆಯ ಊರುಗಳ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದಳು. ಪಕ್ಕದ ಬಾಕ್ಸಿನ ಕನ್ನಡವನ್ನು ಒಮ್ಮೆ ದಿಟ್ಟಿಸಿ, ತನ್ನ ಹೆಸರನ್ನು ಮರಾಠಿಯಲ್ಲೇ ದೊಡ್ಡದಾಗಿ ಬರೆದಳು. ಕೆಳಗೆ, ಎಲ್ಲಿಂದ: ನಾಸಿಕ್. ಎಲ್ಲಿಗೆ ಎಂಬಲ್ಲಿ ಒಂದು ಗೆರೆ ಎಳೆದು ಹಾಗೇ ಬಿಟ್ಟಳು.

ಎಲ್ಲರೂ ಆ ಖಾಲಿ ಗೆರೆಯನ್ನು ನೋಡಿದರು. ನಿರುಪಮಾಳ ತುಟಿ ಏನೋ ಕೇಳಲು ಹೊರಟದ್ದು ಶರ್ವಾಣಿಗೆ ಕಂಡಿತು. ಅಮ್ಮನ ಕಾಲನ್ನು ತನ್ನ ಕಾಲಿನಿಂದ ಮೆಲ್ಲಗೆ ಒತ್ತಿದಳು. ಹದಿನಾಲ್ಕು ತಿಂಗಳಲ್ಲಿ ಕಲಿತದ್ದರಲ್ಲೆಲ್ಲ ಕಷ್ಟದ ಪಾಠ ಇದೇ ಇರಬೇಕು: ಕೇಳಬೇಕೆನಿಸಿದ್ದನ್ನು ಕೇಳದೆ ಕೂರುವುದು.

ಚಹಾದ ಹೊತ್ತಿಗೆ ಪ್ರಜ್ಞಾ ಶರ್ವಾಣಿಯ ಬಾಕ್ಸಿನಿಂದ ತನ್ನ ವಸ್ತುಗಳನ್ನು ಒಂದೊಂದಾಗಿ ಎತ್ತಿ ತನ್ನದಕ್ಕೆ ಹಾಕುತ್ತಿದ್ದಳು. ಸ್ವೆಟರ್, ಬೂಟು, ಪೆನ್ಸಿಲು. ಮಂಚದ ಕೆಳಗಿನ ಚೀಲದಿಂದ ಕೌದಿ ತಂದು ಎಲ್ಲಕ್ಕಿಂತ ಮೇಲೆ ಇಟ್ಟಳು. ಕತ್ತರಿ ತೆಗೆದುಕೊಂಡು ಚೀಟಿಯ ಮೇಲ್ತುದಿಯ 'ಪರತ' ಎಂಬ ಪದವನ್ನಷ್ಟೇ ಕತ್ತರಿಸಿ, ಉಳಿದ ಚೀಟಿಯನ್ನು ಬಾಕ್ಸಿಗೆ ಅಂಟಿಸಿದಳು. ಕೌದಿ ಚೀಟಿಯಲ್ಲಿರಲಿಲ್ಲ, ಅದನ್ನು ಕೊನೆಯಲ್ಲಿ ಸೇರಿಸಿದಳು.

ಶರ್ವಾಣಿ ಇನ್ನು ತಡೆಯಲಾರದೆ ಫೋನು ತೆಗೆದು ಶಾಲೆಯ ವಿಡಿಯೋ ಹಚ್ಚಿದಳು. ಕಮಿಟಿ ಹೂಂ ಅಂದರೆ ಮಾತ್ರ 'ಈ ಶಾಲೆ', ಹೂಂ ಅಂದರೆ ಮಾತ್ರ 'ಕಿಟಕಿಯಾಚೆ ಪೇರಲ ಗಿಡ' ಎಂದು ಎರಡೆರಡು ಸಲ ಹೇಳಿದಳು. ಪ್ರಜ್ಞಾ ವಿಡಿಯೋವನ್ನು ಮೂರು ಸಲ ನೋಡಿದಳು. ಒಂಟಿಗಾಲಲ್ಲಿ ಕುಂಟುತ್ತಾ ಅಟ್ಟಿಸುತ್ತಿದ್ದ ಹುಡುಗಿಯನ್ನು ತೋರಿಸಿ, ಇವಳಿಗೆ ಲಂಗಡಿ ಆಡಲು ಬರುವುದಿಲ್ಲ, ಎರಡು ಸಲ ಕಾಲು ಊರಿದಳು ಎಂದಳು. ಅಷ್ಟೇ.

ಐದು ಗಂಟೆಗೆ ರುಚಿತಾ ಮೇಡಂ ಅವರ ಫೋನು ಬಂತು. ನಿರುಪಮಾ ನಡೆದದ್ದನ್ನು ಹೇಳಿದಳು. ಅವರ ಮೂಟೆಯಂಥ ಬ್ಯಾಗಿನ ವಿಷಯವನ್ನು ಮಾತ್ರ ಹೇಳಲಿಲ್ಲ. ಪ್ರಜ್ಞಾ ಪಕ್ಕಕ್ಕೆ ಬಂದು ಕೈ ಚಾಚಿದಳು. ಫೋನು ಅವಳ ಕೈಗೆ ಹೋಯಿತು. ಅವಳು ಬಾಲ್ಕನಿಗೆ ಹೋಗಿ, ಬಾಗಿಲು ಅರ್ಧ ಮುಂದೆ ಮಾಡಿಕೊಂಡಳು. ಒಳಗಿನ ಮೂವರೂ ಕೇಳಿಸಿಕೊಳ್ಳದವರಂತೆ ಟೇಪು ಕತ್ತರಿಸಿದರು. ಒಂದೇ ವಾಕ್ಯ ಸ್ಪಷ್ಟವಾಗಿ ಕೇಳಿಸಿತು. ನಾಳೆ ನನ್ನ ಬಾಕ್ಸನ್ನು ಅಲ್ಲಿಗೆ ತಂದರೆ ನಡೆಯುತ್ತದೆಯೇ ಎಂದು ಕೇಳುತ್ತಿದ್ದಳು. ಒಂದು ಕಡೆ ಬರೆಯುವುದು ಉಳಿದಿದೆ, ಏನು ಬರೆಯಬೇಕೆಂದು ನಾನೇ ಅವರಿಗೆ ಹೇಳಬೇಕು.

ಫೋನು ಮರಳಿ ಬಂದಾಗ ರುಚಿತಾ ಮೇಡಂ ನಗುತ್ತಿದ್ದರು. ಆಫೀಸಿನ ಕೋಣೆ ಚಿಕ್ಕದು, ಆದರೂ ತನ್ನಿ ಎಂದರು. ನಾಳೆ ಹನ್ನೊಂದು ಗಂಟೆಗೆ ಸಮಿತಿ ಕೂರುತ್ತದೆ; ಮೊದಲು ಪ್ರಜ್ಞಾ ಒಬ್ಬಳೇ ಒಳಗೆ, ಆಮೇಲೆ ನಿಮ್ಮನ್ನು ಕರೆಯುತ್ತಾರೆ. ಹತ್ತೂಮುಕ್ಕಾಲಿಗೇ ಬಂದುಬಿಡಿ.

ಅಷ್ಟರಲ್ಲಿ ಪ್ರಜ್ಞಾ ಮಾರ್ಕರಿನ ಮುಚ್ಚಳ ಗಟ್ಟಿಯಾಗಿ ಒತ್ತಿ, ಅದನ್ನು ತನ್ನ ಕಂಪಾಸು ಪೆಟ್ಟಿಗೆಯೊಳಗೆ ಹಾಕಿಕೊಂಡಾಗಿತ್ತು.

"ಅಕ್ಕಾ," ಎಂದಳು, ಕನ್ನಡದಲ್ಲಿ, "ಹತ್ತಕ್ಕಽ ರಿಕ್ಷಾ ಹೇಳು. ಬಾಕ್ಸು ದೊಡ್ಡದದ."